ಮೂಡಗಾಳಿಯ ದಿನಗಳಲ್ಲಿ ಚರ್ಮದ ಆರೈಕೆ

ಈ ಪತ್ರಿಕೆಯ ಪುಟಗಳಲ್ಲಿ ಅಡಿಕೆಯ ಕೊಳೆರೋಗ, ಎಲೆಚುಕ್ಕೆ ರೋಗ, ಕಾಫಿಯ ಕಾಂಡಕೊರಕ, ಗೊಬ್ಬರ, ಧಾರಣೆ ಇವುಗಳ ಬಗ್ಗೆ ಬರೆಯುವುದು ನಮ್ಮ ವಾಡಿಕೆ. ಈ ಸಂಚಿಕೆಯಲ್ಲಿ ಗಿಡಮರಗಳನ್ನು ಬಿಟ್ಟು ಮನುಷ್ಯನ ಚರ್ಮದ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಕಳೆದ ಪುಷ್ಯ ಮಾಸದಲ್ಲಿ, ನಮ್ಮ ತೋಟಕ್ಕೆ ಅಡಿಕೆ ಸುಲಿಯಲು ಬರುವ ಹಿರಿಯ ಹೆಣ್ಣುಮಗಳೊಬ್ಬಳು ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದಾಗ ವಿಚಾರಿಸಿದೆವು. "ರೇಷನ್ ಅಂಗಡ್ಯಾಗ ಹೆಬ್ಬಟ್ಟು ಹತ್ತವಲ್ದ್ರಿ ಯಜಮಾನ್ರ. ಎರಡು ದಿನ ಪಾಳಿ ಹಚ್ಚಿದ್ರೂ ಅಕ್ಕಿ ಸಿಗಲಿಲ್ಲ" ಎಂದು ಅಂಗೈ ಮುಂದೆ ಚಾಚಿದಳು. ಬೆರಳ ತುದಿಗಳು ಚೊಗರಿನಿಂದ ಕಪ್ಪಾಗಿದ್ದವು. ಅಡ್ಡಡ್ಡ ಸೀಳುಗಳು ಬಿದ್ದು, ಗೆರೆಗಳೇ ಕಾಣದಂತೆ ಚರ್ಮ ಒಣಗಿ ಎದ್ದಿತ್ತು. ಯಂತ್ರಕ್ಕೆ ಬೇಕಾದುದು ಆ ಗೆರೆಗಳು. ಅವೇ ಅಳಿಸಿಹೋದಂತಾಗಿದ್ದರೆ ಯಂತ್ರವಾದರೂ ಏನನ್ನು ಗುರುತಿಸೀತು? ಎರಡು ದಿನದ ಕೂಲಿಯೂ ಹೋಯಿತು, ಅಕ್ಕಿಯೂ ಬರಲಿಲ್ಲ. ಚಳಿಗಾಲದಲ್ಲಿ ಚರ್ಮ ಒಡೆಯುವುದನ್ನು ಅಂದಚೆಂದದ ಮಾತೆಂದು ತಿಳಿದಿದ್ದ ನಮಗೆ ಅಂದು ಅದು ಹೊಟ್ಟೆಯ ಮಾತೂ ಹೌದೆಂದು ಮನವರಿಕೆಯಾಯಿತು.

ಗಾಳಿ ಒಣಗುವುದೇಕೆ?

ಕಾರ್ತಿಕ ಕಳೆಯುತ್ತಿದ್ದಂತೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಮಳೆಯ ಮೋಡಗಳು ಸರಿದು ಮೂಡಣ ದಿಕ್ಕಿನಿಂದ ಒಣಗಾಳಿ ಬೀಸತೊಡಗುತ್ತದೆ. ಈ ಗಾಳಿ ಬೆಳೆಗಾರನಿಗೆ ಬೇಕಾದದ್ದೇ. ಬ್ಯಾಡಗಿ ಮೆಣಸಿನಕಾಯಿ ಕಣದಲ್ಲಿ ಸುಕ್ಕುಗಟ್ಟಿ ಒಣಗುವುದೂ, ಅಟ್ಟದ ಮೇಲೆ ಹರಡಿದ ಅಡಿಕೆ ಗಟ್ಟಿಯಾಗುವುದೂ, ಘಟ್ಟದ ಕಣದಲ್ಲಿ ಕಾಫಿ ಹಣ್ಣು ಚೆರಿಯಾಗುವುದೂ ಇದರಿಂದಲೇ. ಆದರೆ ಗಾಳಿಗೆ ಮೆಣಸಿನಕಾಯಿ ಯಾವುದು, ಮನುಷ್ಯನ ಮೈ ಯಾವುದು ಎಂಬ ಭೇದವಿಲ್ಲ. ಎರಡರಿಂದಲೂ ಅದು ನೀರನ್ನು ಹೀರುತ್ತದೆ.

ಇದರ ಲೆಕ್ಕ ಸುಲಭ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 13 ಗ್ರಾಂ ನೀರಿನ ಆವಿಯನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದೇ ಗಾಳಿಗೆ ಸುಮಾರು 30 ಗ್ರಾಂ ಹಿಡಿಯುವ ಶಕ್ತಿಯಿದೆ. ಬೆಳಗಿನ ಜಾವ ಇಬ್ಬನಿ ಬಿದ್ದು ಗಾಳಿ ತುಂಬಿದಂತಿದ್ದರೂ ಮಧ್ಯಾಹ್ನದ ಬಿಸಿಲಿಗೆ ಅದೇ ಗಾಳಿ ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಪಾತ್ರೆಯಂತಾಗುತ್ತದೆ. ಆ ಕೊರತೆಯನ್ನು ಅದು ಕೆರೆಯಿಂದ, ಮಣ್ಣಿನಿಂದ, ಎಲೆಯಿಂದ, ನಮ್ಮ ಮೈಯಿಂದ ತುಂಬಿಕೊಳ್ಳುತ್ತದೆ. ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು ಇರುವ ನಮ್ಮ ಬಯಲುಸೀಮೆಯ ಚಳಿಗಾಲವು ಚರ್ಮಕ್ಕೆ ಮಲೆನಾಡಿನ ಚಳಿಗಿಂತ ಕಠಿಣವೆನಿಸುವುದು ಇದೇ ಕಾರಣಕ್ಕೆ.

ಹಾಳೆಯ ಪಾಠ

ಚರ್ಮದ ಅತ್ಯಂತ ಮೇಲಿನ ಪದರವು ಸತ್ತ ಜೀವಕೋಶಗಳದು. ಮೈಯ ಬಹುಭಾಗದಲ್ಲಿ ಇದು ಕಾಗದದ ಹಾಳೆಗಿಂತಲೂ ತೆಳು. ಅಂಗೈ, ಅಂಗಾಲುಗಳಲ್ಲಿ ಮಾತ್ರ ಹಲವು ಪಟ್ಟು ದಪ್ಪ. ಇದನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಜಿಡ್ಡು ಗಾರೆ. ಒಳಗಿನ ನೀರು ಹೊರಹೋಗದಂತೆ, ಹೊರಗಿನ ರೋಗಾಣು ಒಳಬಾರದಂತೆ ಈ ಗೋಡೆ ಕಾಯುತ್ತದೆ. ಈ ಪದರದಲ್ಲಿ ನೀರಿನ ಅಂಶ ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದು ಬಾಗುವ ಗುಣವನ್ನು ಕಳೆದುಕೊಂಡು ಬಿರಿಯುತ್ತದೆ.

ಹಾಗಾದರೆ ಒಣಗಿದ ಚರ್ಮಕ್ಕೆ ಬೇಕಾದುದು ಎಣ್ಣೆಯೋ, ನೀರೋ? ಎಣ್ಣೆ ಎಂದೇ ನಾವೆಲ್ಲ ತಿಳಿದಿದ್ದೇವೆ. 1952ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲ್ಯಾಂಕ್ ಇದನ್ನು ಪರೀಕ್ಷಿಸಿ ನೋಡಿದರು. ದಡ್ಡುಗಟ್ಟಿದ ಚರ್ಮದ ಒಣ ತುಂಡುಗಳನ್ನು ಎಣ್ಣೆಯಲ್ಲಿ ಅದ್ದಿಟ್ಟರೂ ಅವು ಮೆತ್ತಗಾಗಲಿಲ್ಲ. ನೀರು ಸಿಕ್ಕಿದಾಗ ಮಾತ್ರ ಮೆತ್ತಗಾದವು.

ಅಡಿಕೆ ಬೆಳೆಗಾರರಿಗೆ ಈ ಮಾತು ಬೇಗ ಅರ್ಥವಾಗಬೇಕು. ತೋಟದಲ್ಲಿ ಬಿದ್ದು ಒಣಗಿದ ಹಾಳೆಯನ್ನು ಹಾಗೆಯೇ ಮಡಚಿದರೆ ಸೀಳುತ್ತದೆ. ಅದರಿಂದ ತಟ್ಟೆ ಒತ್ತಬೇಕಾದರೆ ಮೊದಲು ನೀರಿನಲ್ಲಿ ನೆನೆಸುತ್ತೇವೆ, ಎಣ್ಣೆ ಸವರುವುದಿಲ್ಲ. ಚರ್ಮದ ಕತೆಯೂ ಅಷ್ಟೇ. ಅದನ್ನು ಮೆತ್ತಗೆ ಮಾಡುವುದು ನೀರು. ಎಣ್ಣೆ ಅಥವಾ ಮುಲಾಮಿನ ಕೆಲಸವೆಂದರೆ ಆ ನೀರು ಆರಿಹೋಗದಂತೆ ಮೇಲಿನಿಂದ ಮುಚ್ಚಳ ಹಾಕುವುದು. ಒಣಗಿದ ಚರ್ಮದ ಮೇಲೆ ಎಣ್ಣೆ ಹಚ್ಚಿದರೆ ಖಾಲಿ ಕೊಡಕ್ಕೆ ಮುಚ್ಚಳ ಹಾಕಿದಂತೆ. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ: ಮೊದಲು ನೀರು, ಆ ಮೇಲೆ ಎಣ್ಣೆ.

ಬಚ್ಚಲಿನಲ್ಲಿ ಆಗುವ ತಪ್ಪು

ನಮ್ಮ ಅಭ್ಯಾಸ ಇದಕ್ಕೆ ಹಿಂದುಮುಂದಾಗಿದೆ. ದೀಪಾವಳಿಯಲ್ಲಿ ನೀರು ತುಂಬಿ, ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು, ಹಂಡೆಯ ಕುದಿನೀರು ಹೊಯ್ದುಕೊಂಡು, ಸೀಗೆಪುಡಿಯಿಂದ ಜಿಡ್ಡೆಲ್ಲ ಹೋಗುವಂತೆ ಉಜ್ಜುತ್ತೇವೆ. ಹಬ್ಬದ ಅಭ್ಯಂಗ ನಡೆಯಲಿ, ಅದರ ಸುಖವೇ ಬೇರೆ. ಆದರೆ ಸ್ನಾನದ ನಂತರ ಮೈಮೇಲೆ ಎಷ್ಟು ಎಣ್ಣೆ ಉಳಿಯುತ್ತದೆ ಎಂಬುದನ್ನು ಯೋಚಿಸಬೇಕು. ಸುಡುನೀರು ಮತ್ತು ಸಾಬೂನು ಹೊರಗಿನ ಎಣ್ಣೆಯೊಂದಿಗೆ ಗೋಡೆಯ ಗಾರೆಯನ್ನೂ ತೊಳೆದು ಬಿಡುತ್ತವೆ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು. ಸಾಧಾರಣ ಸಾಬೂನು ಕ್ಷಾರ. ಬಟ್ಟೆ ತೊಳೆಯುವ ಸಾಬೂನಿನಿಂದ ಮೈ ತೊಳೆಯುವವರ ಚರ್ಮ ಇನ್ನೂ ಬೇಗ ಬಿರಿಯುತ್ತದೆ.

ಚಳಿಗಾಲದಲ್ಲಿ ಹೀಗೆ ಮಾಡುವುದು ಒಳ್ಳೆಯದು. ಸ್ನಾನದ ನೀರು ಉಗುರು ಬೆಚ್ಚಗಿರಲಿ. ಐದು ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಲಿ. ಸಾಬೂನು ಕಂಕುಳು, ತೊಡೆಸಂದು, ಪಾದ ಮತ್ತು ಕೊಳೆಯಾದ ಭಾಗಗಳಿಗೆ ಸಾಕು; ತೋಳು, ಮೊಣಕಾಲ ಕೆಳಭಾಗಕ್ಕೆ ದಿನವೂ ಬೇಡ. ಕಲ್ಲು, ನಾರುಗಳಿಂದ ಉಜ್ಜುವುದು ಬೇಡ. ಟವೆಲಿನಿಂದ ಮೈಯನ್ನು ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗಲೇ, ಮೂರು ನಾಲ್ಕು ನಿಮಿಷದೊಳಗೆ, ಎಣ್ಣೆ ಅಥವಾ ಮುಲಾಮನ್ನು ತೆಳುವಾಗಿ ಸವರಬೇಕು. ಖರ್ಚು ಹೆಚ್ಚಲಿಲ್ಲ, ಸರತಿ ಮಾತ್ರ ಬದಲಾಯಿತು.

ಬೆಳಗಿನ ಚಳಿಗೆ ಬೆಂಕಿ ಹಾಕಿ ಸುತ್ತ ಕುಳಿತು ಮೈ ಕಾಯಿಸುವುದು ನಮ್ಮ ಕಡೆ ಸಾಮಾನ್ಯ. ಬೆಂಕಿಗೆ ತೀರ ಹತ್ತಿರ ಕುಳಿತರೆ ಕಾಲಿನ ಚರ್ಮ ಒಣಗುತ್ತದೆ. ದಿನವೂ ಹೀಗೆ ಮಾಡುವವರ ಮೊಣಕಾಲ ಕೆಳಗೆ ಮೀನಿನ ಬಲೆಯಂತೆ ಕಂದು ಗೆರೆಗಳು ಮೂಡುವುದುಂಟು. ಒಂದು ಮಾರು ದೂರ ಕುಳಿತುಕೊಳ್ಳುವುದೇ ಇದಕ್ಕೆ ಉಪಾಯ. ಉಣ್ಣೆಯ ಬಟ್ಟೆಯಿಂದ ತುರಿಕೆಯಾಗುವವರು ಒಳಗೆ ಹತ್ತಿಯ ಅಂಗಿ ತೊಡಬೇಕು.

ಯಾವುದನ್ನು ಹಚ್ಚಬೇಕು?

ದುಬಾರಿ ಡಬ್ಬಿಗಳೇ ಬೇಕೆಂದಿಲ್ಲ. ಕೊಬ್ಬರಿ ಎಣ್ಣೆ ಒಳ್ಳೆಯದು. 24 ಡಿಗ್ರಿಯ ಆಸುಪಾಸಿನಲ್ಲಿ ಅದು ಹೆಪ್ಪುಗಟ್ಟುವುದರಿಂದ ಚಳಿಯ ಬೆಳಗ್ಗೆ ಸೀಸೆಯನ್ನು ಬಿಸಿನೀರಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ನಮ್ಮ ಹೊಲದ ಕುಸುಬಿ ಎಣ್ಣೆಯೂ ಚರ್ಮಕ್ಕೆ ಹಿತವಾದದ್ದು. ಗೋಡೆಯ ಗಾರೆಗೆ ಬೇಕಾದ ಲಿನೋಲಿಕ್ ಆಮ್ಲ ಅದರಲ್ಲಿ ಹೇರಳವಾಗಿದೆ. ಔಡಲೆಣ್ಣೆ ಮಂದವಾದುದರಿಂದ ಹಿಮ್ಮಡಿಗೆ ಅನುಕೂಲ.

ನೀರನ್ನು ತಡೆದಿಡುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಪೆಟ್ರೋಲಿಯಂ ಜೆಲ್ಲಿ, ಅಂದರೆ ನಾವು ವ್ಯಾಸಲೀನ್ ಎನ್ನುವುದು. ಅಮೆರಿಕದ ಎಣ್ಣೆಬಾವಿಗಳಲ್ಲಿ ಯಂತ್ರದ ಸರಳಿಗೆ ಅಂಟುತ್ತಿದ್ದ ಮೇಣವನ್ನು ಅಲ್ಲಿನ ಕೂಲಿಕಾರರು ಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದುದನ್ನು ಕಂಡು, ರಾಬರ್ಟ್ ಚೀಸ್‌ಬ್ರೊ ಎಂಬ ರಸಾಯನಜ್ಞರು ಅದನ್ನು ಶುದ್ಧಿ ಮಾಡಿ 1872ರಲ್ಲಿ ಪೇಟೆಂಟ್ ಪಡೆದರು. ಕೂಲಿಕಾರರಿಂದ ಬಂದ ಔಷಧ ಕೂಲಿಕಾರರ ಕೈಗೇ ಹೆಚ್ಚು ಉಪಯೋಗ. ವಾಸನೆ, ಬಣ್ಣ ಬೆರೆಸದ ಸಾದಾ ಜೆಲ್ಲಿಯೇ ಸಾಕು.

ಗ್ಲಿಸರಿನ್ ನೀರನ್ನು ಎಳೆದುಕೊಳ್ಳುವ ವಸ್ತು. ಒಣಗಾಳಿಯಲ್ಲಿ ಅದನ್ನು ಹಾಗೆಯೇ ಹಚ್ಚಿದರೆ ಗಾಳಿಯಲ್ಲಿ ಎಳೆದುಕೊಳ್ಳಲು ನೀರಿಲ್ಲದೆ ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಎಳೆಯಬಹುದು. ಎರಡು ಪಾಲು ನೀರಿಗೆ ಒಂದು ಪಾಲು ಗ್ಲಿಸರಿನ್ ಬೆರೆಸಿ ಹಚ್ಚಿ, ಮೇಲೆ ತುಸು ಎಣ್ಣೆ ಸವರುವುದು ಕ್ಷೇಮ.

ವೈದ್ಯರು ಬರೆದುಕೊಡುವ ಕೆಲವು ಮುಲಾಮುಗಳಲ್ಲಿ ಶೇಕಡಾ 10 ಅಥವಾ 20ರಷ್ಟು ಯೂರಿಯಾ ಇರುತ್ತದೆ. ಯೂರಿಯಾ ಚರ್ಮದಲ್ಲಿ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಡುವ ವಸ್ತು. ಹಾಗೆಂದು ಗೊಬ್ಬರದ ಚೀಲಕ್ಕೆ ಯಾರೂ ಕೈಹಾಕಬಾರದು. ಗೊಬ್ಬರದ ಯೂರಿಯಾ ಮೈಗೆ ಹಚ್ಚಲು ತಯಾರಿಸಿದ್ದಲ್ಲ. ಅದು ಒಡೆದ ಚರ್ಮವನ್ನು ಸುಡುತ್ತದೆ.

ನೀರು ಹೆಚ್ಚು ಕುಡಿದರೆ ಚರ್ಮ ಸರಿಹೋಗುತ್ತದೆ ಎನ್ನುವವರಿದ್ದಾರೆ. ಬಾಯಾರಿಕೆಗೆ ತಕ್ಕಂತೆ ಕುಡಿಯಲೇಬೇಕು. ಆದರೆ ಕೊಡ ಸೋರುತ್ತಿರುವಾಗ ಸೋರುವ ಜಾಗವನ್ನು ಮುಚ್ಚದೆ ನೀರು ಹಾಕುತ್ತ ಹೋದರೆ ಏನು ಫಲ?

ನಮ್ಮ ಕಸುಬುಗಳ ಕೈಗಳು

ಅಡಿಕೆ ಕೊಯ್ಲು, ಕಾಫಿ ಕೊಯ್ಲು, ಮೆಣಸಿನಕಾಯಿ ಸುಗ್ಗಿ ಎಲ್ಲವೂ ಚರ್ಮಕ್ಕೆ ಕೆಟ್ಟ ಕಾಲವಾದ ಈ ದಿನಗಳಲ್ಲೇ ಒಟ್ಟಿಗೆ ಬರುತ್ತವೆ. ಒಂದೊಂದು ಕೆಲಸಕ್ಕೂ ಕೈ ಒಡೆಯುವ ಕಾರಣ ಬೇರೆ.

ಹಸಿ ಅಡಿಕೆಯಲ್ಲಿರುವ ಚೊಗರು ಟ್ಯಾನಿನ್ ಎಂಬ ವಸ್ತು. ತೊಗಲನ್ನು ಹದಮಾಡುವುದೂ ಟ್ಯಾನಿನ್ ಇರುವ ತೊಗಟೆಗಳಿಂದಲೇ. ಮೆಟ್ಟುಗತ್ತಿಯ ಮುಂದೆ ದಿನವಿಡೀ ಕುಳಿತವರ ಬೆರಳಿನ ಚರ್ಮ ಬಿಗಿದು ಒಣಗುವುದರಲ್ಲಿ ಆಶ್ಚರ್ಯವಿಲ್ಲ. ಕತ್ತಿಯ ಕಬ್ಬಿಣದೊಂದಿಗೆ ಸೇರಿ ಅದೇ ಚೊಗರು ಮಸಿಯಂತೆ ಕಪ್ಪಾಗುತ್ತದೆ. ಸುಲಿಯಲು ಕೂರುವ ಮೊದಲು ಬೆರಳಿಗೆ ತೆಳುವಾಗಿ ಎಣ್ಣೆ ಸವರಿ, ಕತ್ತಿ ಜಾರದಂತೆ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಕಪ್ಪು ಹೋಗಲೆಂದು ಸಂಜೆ ಕಲ್ಲಿಗೆ ಉಜ್ಜುವುದು, ಸೋಡಾ ಪುಡಿ ಹಾಕಿ ತಿಕ್ಕುವುದು ಬೇಡ. ಕಪ್ಪು ಕೆಲವು ವಾರಗಳಲ್ಲಿ ಚರ್ಮದೊಂದಿಗೆ ತಾನಾಗಿಯೇ ಉದುರಿಹೋಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಅದರ ಖ್ಯಾತಿ. ಆದರೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಒಡೆದ ಬೆರಳಿಗೆ ಆ ಕಡಿಮೆ ಖಾರವೂ ಬೆಂಕಿಯೇ. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬರಿಯ ತಣ್ಣೀರಿನಲ್ಲಿ ಕೈಯಾಡಿಸಿದರೆ ಉರಿ ಕಡಿಮೆಯಾಗದಿರುವುದು ಇದಕ್ಕೇ. ಮೊದಲು ಅಡುಗೆ ಎಣ್ಣೆಯಿಂದ ಕೈ ಉಜ್ಜಿ, ಬಟ್ಟೆಯಿಂದ ಒರೆಸಿ, ಆ ಮೇಲೆ ಸಾಬೂನಿನಿಂದ ಒಮ್ಮೆ ತೊಳೆದು, ಕೈ ಹಸಿ ಇರುವಾಗಲೇ ವ್ಯಾಸಲೀನ್ ಹಚ್ಚಬೇಕು. ಕೆಲಸದಲ್ಲಿ ಕೈಗವಸು ಇದ್ದರೆ ಇನ್ನೂ ಮೇಲು.

ಕಾಫಿ ಕೊಯ್ಲಿಗೆಂದು ನಮ್ಮ ಹಳ್ಳಿಗಳಿಂದ ಘಟ್ಟ ಹತ್ತುವವರೂ ಇದ್ದಾರೆ. ಅಲ್ಲಿ ಬೆಳಗ್ಗೆ ಇಬ್ಬನಿಯಲ್ಲಿ ಕೈ ತೋಯುತ್ತದೆ, ಮಧ್ಯಾಹ್ನ ಬಿಸಿಲಿಗೆ ಆರುತ್ತದೆ. ಪಲ್ಪರ್ ಮನೆಯಲ್ಲಿ ಕೆಲಸ ಮಾಡುವವರ ಕೈ ದಿನಕ್ಕೆ ಹತ್ತಾರು ಸಲ ತೋಯ್ದು ಆರುತ್ತದೆ. ನೀರು ಚರ್ಮವನ್ನು ಮೆತ್ತಗೆ ಮಾಡುತ್ತದೆಂದು ಮೇಲೆ ಹೇಳಿದೆವು. ಆದರೆ ಮುಚ್ಚಳವಿಲ್ಲದೆ ಮತ್ತೆ ಮತ್ತೆ ತೋಯ್ದು ಆರಿದರೆ, ಪ್ರತಿ ಸಲವೂ ಒಂದಿಷ್ಟು ಗಾರೆ ಕೊಚ್ಚಿಹೋಗುತ್ತದೆ. ಪ್ರತಿ ಸಲ ಕೈ ಒರೆಸಿದ ಮೇಲೂ ಸ್ವಲ್ಪ ಎಣ್ಣೆ ಸವರಬೇಕು.

ಹಿಮ್ಮಡಿಯ ಸೀಳು

ಅಂಗಾಲಿನಲ್ಲಿ ಎಣ್ಣೆ ಒಸರುವ ಗ್ರಂಥಿಗಳೇ ಇಲ್ಲ. ಬರಿಗಾಲಿನಲ್ಲಿ ನಡೆದು ದಡ್ಡುಗಟ್ಟಿದ ಹಿಮ್ಮಡಿಯ ಮೇಲೆ ಮೈಭಾರ ಬಿದ್ದಾಗ ಅದು ಹಿಗ್ಗಲಾರದೆ ಸೀಳುತ್ತದೆ. ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಪಾದ ನೆನೆಸಿ, ಒರೆಸಿ, ವ್ಯಾಸಲೀನ್ ಅಥವಾ ಔಡಲೆಣ್ಣೆಯನ್ನು ದಪ್ಪವಾಗಿ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಬೇಕು. ಎರಡು ಮೂರು ವಾರ ಬಿಡದೆ ಮಾಡಿದರೆ ಸಾಧಾರಣ ಸೀಳು ಕೂಡಿಕೊಳ್ಳುತ್ತದೆ. ಬ್ಲೇಡಿನಿಂದ ಕೆತ್ತುವುದು, ಸೀಳಿಗೆ ಸುಣ್ಣ ಅಥವಾ ಬೂದಿ ತುಂಬುವುದು ಅಪಾಯ.

ಸಕ್ಕರೆ ಕಾಯಿಲೆ ಇರುವ ಸದಸ್ಯರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ಸೀಳು ಆಳವಾದರೂ ನೋವಾಗುವುದಿಲ್ಲ. ಕೀವು ತುಂಬಿದ ಮೇಲೆಯೇ ಗೊತ್ತಾಗುವುದು. ತಡಮಾಡಿ ಬೆರಳನ್ನೋ ಪಾದವನ್ನೋ ಕಳೆದುಕೊಂಡವರಿದ್ದಾರೆ. ಇವರು ದಿನವೂ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು. ಪಾದವನ್ನು ಬಿಸಿನೀರಿನಲ್ಲಿ ನೆನೆಸುವುದು ಇವರಿಗೆ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಬೆರಳ ಸಂದಿಗೆ ಎಣ್ಣೆ ಹಚ್ಚಬಾರದು. ತೋಟದಲ್ಲಿ ಬರಿಗಾಲು ಕೂಡದು.

ಮುಲಾಮಿನ ಮೋಸ

ತುರಿಕೆ ಎಂದೊಡನೆ ಔಷಧದ ಅಂಗಡಿಗೆ ಹೋಗಿ ಒಂದು ಟ್ಯೂಬ್ ತಂದು ಹಚ್ಚಿಕೊಳ್ಳುವ ಅಭ್ಯಾಸ ಬೆಳೆದಿದೆ. ಇವುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಚರ್ಮ ಬೆಳ್ಳಗೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇರುವುದು ಗಜಕರ್ಣವಾಗಿದ್ದರೆ ಒಳಗೊಳಗೇ ಹರಡುತ್ತದೆ. ಈ ದುರುಪಯೋಗವನ್ನು ಕಂಡೇ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿಸಿತು. ಚೀಟಿಯಿಲ್ಲದೆ ಕೊಡುವವರು ಇದ್ದರೂ ಕೊಳ್ಳುವವರು ನಾವಾಗಬಾರದು.

ಎಲ್ಲ ಒಣಚರ್ಮವೂ ಚಳಿಯದಲ್ಲ. ಮನೆಮಂದಿಗೆಲ್ಲ ರಾತ್ರಿ ತುರಿಕೆ ಹೆಚ್ಚಾದರೆ ಅದು ತುರಿಕಜ್ಜಿ ಇರಬಹುದು. ಮೊಣಕೈ, ಮೊಣಕಾಲುಗಳ ಮೇಲೆ ಬೆಳ್ಳಿಯ ಹೊಟ್ಟಿನಂತೆ ದಪ್ಪ ಪದರ ಏಳುತ್ತಿದ್ದರೆ ಬೇರೆ ರೋಗ. ಮೈಯೆಲ್ಲ ಒಣಗಿ, ಸುಸ್ತು, ಮೈಭಾರ ಇದ್ದರೆ ಥೈರಾಯ್ಡ್ ಪರೀಕ್ಷೆ ಅಗತ್ಯ. ಮಾಸಲು ಮಚ್ಚೆಯಿದ್ದು ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಎಣ್ಣೆ ಹಚ್ಚುತ್ತ ಕಾಲ ಕಳೆಯಬಾರದು, ಅದು ಕುಷ್ಠದ ಮೊದಲ ಗುರುತಿರಬಹುದು. ಕುಷ್ಠ ಪೂರ್ತಿ ವಾಸಿಯಾಗುವ ರೋಗ. ಔಷಧ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅಗತ್ಯವಿದ್ದರೆ ತಾಲ್ಲೂಕು ಆಸ್ಪತ್ರೆಗೋ ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ಹೋಗಬಹುದು.

ಮತ್ತೆ ಹೆಬ್ಬೆಟ್ಟಿನ ವಿಷಯ

ಪಡಿತರಕ್ಕೆ, ಪಿಂಚಣಿಗೆ, ಬ್ಯಾಂಕಿನ ಹಣಕ್ಕೆ ಬೆರಳೊತ್ತಬೇಕಾದವರು ಒಂದು ವಾರ ಮೊದಲಿನಿಂದ ರಾತ್ರಿ ಹೊತ್ತು ಬೆರಳುಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚಿ ಮಲಗಬೇಕು. ಒತ್ತುವ ದಿನ ಕೈ ತೊಳೆದು ಜಿಡ್ಡಿಲ್ಲದಂತೆ ಒರೆಸಿರಬೇಕು. ಎಣ್ಣೆಗೈಯನ್ನೂ ಯಂತ್ರ ಗುರುತಿಸುವುದಿಲ್ಲ. ಹೆಬ್ಬೆರಳು ಹೊಂದದಿದ್ದರೆ ಉಳಿದ ಬೆರಳುಗಳನ್ನು ಒತ್ತಿ ನೋಡುವಂತೆ ಕೇಳಬೇಕು. ಪಿಎಂ ಕಿಸಾನ್ ಯೋಜನೆಯ ದೃಢೀಕರಣವನ್ನು 2023ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದಾಗಿದೆ. ಬೆರಳು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಈ ಮಾತು ನಮ್ಮ ಕೂಲಿಕಾರರಿಗೆ ಗೊತ್ತಿರುವುದಿಲ್ಲ, ತಿಳಿಸುವುದು ನಮ್ಮ ಕರ್ತವ್ಯ.

ಆ ಹೆಣ್ಣುಮಗಳಿಗೆ ನಾವು ಒಂದು ಡಬ್ಬಿ ವ್ಯಾಸಲೀನ್ ಕೊಟ್ಟು, ರಾತ್ರಿ ಹಚ್ಚುವ ಕ್ರಮ ಹೇಳಿಕೊಟ್ಟೆವು. ಹನ್ನೆರಡನೆಯ ದಿನ ಅಂಗಡಿಯ ಯಂತ್ರಕ್ಕೆ ಆಕೆಯ ತೋರುಬೆರಳು ಹತ್ತಿತು. ಆ ತಿಂಗಳ ಅಕ್ಕಿ ಮನೆಗೆ ಬಂತು. ಇಷ್ಟು ಸಣ್ಣ ಕೆಲಸವನ್ನು ಇಷ್ಟು ವರ್ಷ ಮಾಡಲಿಲ್ಲವಲ್ಲ ಎಂದು ನಮಗೆ ನಾಚಿಕೆಯಾದದ್ದು ನಿಜ. ಸುಲಿದ ಅಡಿಕೆಯನ್ನು ತೂಗಿ ಲೆಕ್ಕ ಬರೆಯುತ್ತೇವೆ, ಸುಲಿದ ಕೈಯನ್ನು ನೋಡುವುದಿಲ್ಲ.

ಈ ಸುಗ್ಗಿಯಿಂದ ಸಂಘದ ತೂಕದ ಮನೆಯಲ್ಲಿ ಒಂದು ಡಬ್ಬಿ ವ್ಯಾಸಲೀನ್, ಒಂದು ಬೋಗುಣಿ ನೀರು, ಒಂದು ಶುಭ್ರ ಬಟ್ಟೆ ಇಟ್ಟಿರುತ್ತೇವೆ. ಮಾಲು ತಂದವರು, ಹೊತ್ತು ತಂದವರು, ಯಾರೇ ಆದರೂ ಉಪಯೋಗಿಸಬಹುದು. ಸದಸ್ಯ ಬಾಂಧವರು ತಮ್ಮ ತಮ್ಮ ಕಣಗಳಲ್ಲೂ ಹೀಗೆಯೇ ಏರ್ಪಾಡು ಮಾಡಿಕೊಂಡು, ವಾರದ ಬಟವಾಡೆಯ ದಿನ ಆಳುಗಳ ಕೈಕಾಲುಗಳನ್ನು ಒಮ್ಮೆ ವಿಚಾರಿಸಬೇಕೆಂದು ಕೋರುತ್ತೇವೆ.